ಹ್ಯೂಸ್ಟನ್ನಿನಿಂದ ನಾನು ನಂಬರ್ ಪ್ಲೇಟ್ ತಂದದ್ದು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ. ಟೆಕ್ಸಾಸ್‌ನಲ್ಲಿ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಚಿಪ್ ಮಾಡುವವರಿದ್ದಾರೆ, ಕೋಡ್ ಬರೆಯುವವರಿದ್ದಾರೆ, ಬೇರೆಯವರು ಬರೆದ ಕೋಡ್ ಬೈಯುವವರಿದ್ದಾರೆ. ಆದರೆ ಹ್ಯೂಸ್ಟನ್ನಿನ ಒಬ್ಬ ಡೀಲರನ ಕೌಂಟರಿನ ಮುಂದೆ ಒಬ್ಬನೇ ನಿಂತು, ಒಂದೇ ಒಂದು ಡೈಲಾಗ್ ಹೊಡೆದು, ಇಡೀ ಬೇಸಿಗೆ ಕಾದರೂ ಸಿಗದ ನಂಬರ್ ಪ್ಲೇಟನ್ನು ಕೈಯಲ್ಲಿ ಹಿಡಿದು ಹೊರಗೆ ಬಂದ ಗಂಡು ಇಡೀ ರಾಜ್ಯಕ್ಕೆ ಒಬ್ಬನೇ. ಹೆಸರು ದುಷ್ಯಂತ್. ಊರು ಮೈಸೂರು, ಸದ್ಯಕ್ಕೆ ರಿಚರ್ಡ್‌ಸನ್, ಓದುವುದು ಎಂ.ಎಸ್. ಎದ್ದು ನಿಲ್ಲುವುದೇನೂ ಬೇಡ, ಕೂತುಕೊಂಡೇ ಓದಿ.

ನಾನು ಬಾಗಿಲು ತೆಗೆದು ಒಳಗೆ ಬಂದರೆ ಹಿಂದೆ ಮ್ಯೂಸಿಕ್ ಕೇಳಿಸುತ್ತದೆ. ಇದು ನನ್ನ ರೂಮ್‌ಮೇಟ್ ಪ್ರಶಾಂತನೂ ಒಪ್ಪಿದ ಸತ್ಯ. ಅವನು ಹೇಳಿದ್ದು ಇಷ್ಟೇ: "ಮ್ಯೂಸಿಕ್ ಆಫ್ ಮಾಡಿ ಪಾತ್ರೆ ತೊಳಿಯೋ."

ಇಂಥ ನಾನು ಪ್ರತಿ ಶನಿವಾರ ಅಲ್ಲೇ ಹತ್ತಿರದ ಲಿಟಲ್ ಎಲ್ಮ್‌ನ ರಾಮಮೂರ್ತಿ ಅಂಕಲ್ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಅಂಕಲ್ ನಮ್ಮಪ್ಪನ ಕಾಲೇಜು ಗೆಳೆಯರು. ಮನೆಯಲ್ಲಿ ಅವರ ಹೆಂಡತಿ ಉಷಾರಾಣಿ ಆಂಟಿ, ಮತ್ತು ಆ ಬೇಸಿಗೆಯಲ್ಲಿ ಗದಗಿನಿಂದ ಬಂದಿದ್ದ ಆಂಟಿಯ ತಾಯಿ ಗಂಗವ್ವ. ಗಂಗವ್ವಜ್ಜಿ ಹೊರಗಿನ ಊಟ ಮುಟ್ಟುವವರಲ್ಲ. ವಿಮಾನದಲ್ಲಿ ಅಷ್ಟು ದೂರ ಬರುವಾಗಲೂ ಕಟಕರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ಮೇಲೆಯೇ ಬಂದಿದ್ದರು. ಹಾಗಾಗಿ ಅಮೆರಿಕ ಎಂದರೆ ಅವರು ನೋಡಿದ್ದು ಅಂಕಲ್ ಮನೆಯ ಹಿತ್ತಿಲು, ಪಕ್ಕದ ಕೆರೆ, ಮತ್ತು ಒಂದು ಸಲ ಡೆಂಟಿಸ್ಟ್.

ಅವರಿಗೆ ಇದ್ದದ್ದು ಒಂದೇ ಆಸೆ. "ಸಮುದ್ರ ನೋಡಬೇಕಪಾ. ಹುಟ್ಟಿದಾಗಿಂದ ನೋಡಿಲ್ಲ. ಕಾಲ್ ಒಂದ್ ನೆನಸ್ಕೊಂಡು ಬಂದ್ರ ಸಾಕು."

ಸಮುದ್ರ ಇರುವುದು ಐದಾರು ಗಂಟೆಯ ದಾರಿ, ಹ್ಯೂಸ್ಟನ್ ದಾಟಿ ಗ್ಯಾಲ್ವೆಸ್ಟನ್ನಿನಲ್ಲಿ. ಹೋಗಿ ಬರುವುದಕ್ಕೆ ದಾರಿಯಲ್ಲಿ ಊಟ ಆಗಬೇಕು. ಅಜ್ಜಿ ಹೋಟೆಲ್ ಮೆಟ್ಟಿಲು ಹತ್ತುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋಗೋಣ ಎಂದರೆ, "ತಣ್ಣಂದು ಯಾವಾಕಿ ತಿಂತಾಳು? ಬಿಸಿ ರೊಟ್ಟಿ ಬೇಕ್ ನನಗ." ಸೆಪ್ಟೆಂಬರ್ ಮೊದಲ ವಾರದಲ್ಲಿ ಅವರು ಊರಿಗೆ ವಾಪಸ್ ಹೊರಡಬೇಕು.

ಇಲ್ಲಿ ಅಂಕಲ್‌ಗೆ ಸ್ಫೂರ್ತಿ ಬಂತು. ಜುಲೈ ನಾಲ್ಕರ ಸೇಲ್‌ನಲ್ಲಿ, ಯಾರನ್ನೂ ಕೇಳದೆ, ಹ್ಯೂಸ್ಟನ್ನಿಗೆ ಹೋಗಿ ಒಂದು ಆರ್‌ವಿ ಕೊಂಡು ತಂದರು. ಗೊತ್ತಿಲ್ಲದವರಿಗೆ: ಅದು ಬಸ್ಸಿನಷ್ಟು ಉದ್ದದ ಗಾಡಿ. ಒಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ಇರುತ್ತದೆ. ಮನೆಗೇ ಚಕ್ರ ಕಟ್ಟಿದ ಹಾಗೆ. ಅಂಕಲ್ ಅದನ್ನು ಮನೆ ಮುಂದಿನ ಡ್ರೈವ್‌ವೇಗೆ ತಂದು ನಿಲ್ಲಿಸಿದಾಗ ಮನೆಯೇ ಕಾಣದಾಯಿತು. ಕೊರಿಯರ್‌ನವನು ಮನೆ ಹುಡುಕಲಾಗದೆ ಪಾರ್ಸೆಲನ್ನು ಗಾಡಿಯ ಬಾಗಿಲಿಗೇ ಇಟ್ಟು ಹೋದ.

ಅಂಕಲ್ ಕೆಳಗಿಳಿದು, ಎದೆಯುಬ್ಬಿಸಿ, "ಅತ್ತೇ, ಬನ್ನಿ! ನಿಮಗೋಸ್ಕರ ಅಡುಗೆಮನೇನೇ ರೋಡಿಗಿಳಿಸಿದೀನಿ!" ಎಂದರು.

ಗಂಗವ್ವಜ್ಜಿ ಹೊಸ್ತಿಲು ದಾಟಲಿಲ್ಲ. ಗಾಡಿಯನ್ನು ಒಂದು ಸಲ ತುದಿಯಿಂದ ತುದಿಗೆ ನೋಡಿ, "ಅಳಿಯಂದ್ರ, ಆಷಾಢದಾಗ ಯಾರರ ಗಾಡಿ ತರ್ತಾರೇನ್ರಿ?" ಎಂದರು.

"ಅಯ್ಯೋ ಅತ್ತೇ, ಆಷಾಢ ಎಲ್ಲ ಗದಗಲ್ಲಿ. ಇಲ್ಲಿಗೆ ಬರೋಕೆ ಅದಕ್ಕೆ ವೀಸಾ ಎಲ್ಲಿದೆ?"

ನಾನು ಜೋರಾಗಿ ನಕ್ಕೆ. ಆಂಟಿ ನಗಲಿಲ್ಲ. "ನನ್ನ ಒಂದ್ ಮಾತ್ ಕೇಳಬೇಕು ಅನಿಸಲಿಲ್ಲೇನ್ರಿ ನಿಮಗ?"

"ಸರ್ಪ್ರೈಸ್ ಉಷಾ! ಗಾಡಿ ಇಬ್ಬರ ಹೆಸರಲ್ಲೂ ಬರೆಸಿದೀನಿ. ಫೋನ್ ನಂಬರೂ ನಿಂದೇ ಕೊಟ್ಟಿದೀನಿ."

ಇದರಲ್ಲಿ ಪ್ರೀತಿ ಎಷ್ಟಿತ್ತೋ ದೇವರಿಗೆ ಗೊತ್ತು. ಅಂಕಲ್ ಎಲ್ಲಿ ಏನು ಕೊಂಡರೂ ಹೆಂಡತಿಯ ನಂಬರ್ ಕೊಡುತ್ತಾರೆ. ಕ್ರೆಡಿಟ್ ಕಾರ್ಡ್, ಇನ್ಶೂರೆನ್ಸ್ ಎಂದು ಪೀಡಿಸುವ ಕರೆಗಳೆಲ್ಲ ಆಂಟಿಯ ಪಾಲಿಗೇ ಹೋಗಲಿ ಎಂದು.

"ಆಗ್ಲಿ ಬಿಡ್ರಿ" ಎಂದು ಆಂಟಿ ಒಳಗೆ ಹೋದರು. ಮದುವೆಯಾದ ಗಂಡಸರು ಈ ಮಾತನ್ನು ಎರಡು ಸಲ ಓದಿಕೊಳ್ಳಿ. ನನಗೆ ಮದುವೆಯಾಗಿಲ್ಲ, ನಾನು ಮುಂದಕ್ಕೆ ಹೋದೆ.

ಇಲ್ಲಿನ ಪದ್ಧತಿ ಹೀಗಿದೆ. ಗಾಡಿ ಕೊಂಡಾಗ ಡೀಲರ್ ಹಿಂದುಗಡೆ ಕಾಗದದ ನಂಬರ್ ಪ್ಲೇಟ್ ಅಂಟಿಸಿ ಕಳಿಸುತ್ತಾನೆ. ಅದಕ್ಕೆ ಎರಡು ತಿಂಗಳ ಆಯಸ್ಸು. ಅಷ್ಟರಲ್ಲಿ ಅವನು ಕೌಂಟಿ ಆಫೀಸಿಗೆ ಅರ್ಜಿ ಹಾಕಿ, ಒಡೆತನದ ಪತ್ರ, ಅಂದರೆ ಟೈಟಲ್ಲನ್ನು ನಮ್ಮ ಹೆಸರಿಗೆ ಮಾಡಿಸಿ, ತಗಡಿನ ಪ್ಲೇಟ್ ತರಿಸಿಕೊಡಬೇಕು. ಕಾಗದದ ಆಯಸ್ಸು ಮುಗಿದ ಮೇಲೂ ತಗಡು ಬರದಿದ್ದರೆ ಗಾಡಿ ರೋಡಿಗಿಳಿಯುವಂತಿಲ್ಲ.

ಜುಲೈ ಮುಗಿಯಿತು. ಪ್ಲೇಟ್ ಬರಲಿಲ್ಲ.

ಅಷ್ಟರಲ್ಲಿ ಬಡಾವಣೆಯ ಸಂಘದ ಅಧ್ಯಕ್ಷೆ ಒಂದು ಸಂಜೆ ನೋಟಿಸ್ ಹಿಡಿದು ಬಂದರು. ಡ್ರೈವ್‌ವೇಯಲ್ಲಿ ಇಂಥ ಗಾಡಿ ನಿಲ್ಲಿಸುವಂತಿಲ್ಲವಂತೆ. ಅಂಕಲ್ ಆಕೆಗೆ ಬಾಯಿ ತೆರೆಯಲು ಬಿಡದೆ ಒಳಗೆ ಕರೆದು, ಮಂಚ ತೋರಿಸಿ, ಒಲೆ ಹಚ್ಚಿ ತೋರಿಸಿ, ಶವರ್ ಬಿಟ್ಟು ತೋರಿಸಿ, ಫಿಲ್ಟರ್ ಕಾಫಿ ಕುಡಿಸಿ ಕಳಿಸಿದರು. ಆಕೆ ಕಾಫಿ ಬಹಳ ಚೆನ್ನಾಗಿದೆ ಎಂದರು, ನೋಟಿಸನ್ನೂ ಟೇಬಲ್ ಮೇಲೆ ಇಟ್ಟೇ ಹೋದರು. ಗಾಡಿ ಊರಾಚೆಯ ಬಾಡಿಗೆ ಮೈದಾನಕ್ಕೆ ಹೋಯಿತು. ಅಂಕಲ್ ದಿನಾ ಸಂಜೆ ಹೋಗಿ ಅದರ ಬಾನೆಟ್ ಸವರಿ ಬರುತ್ತಿದ್ದರು, ಆಸ್ಪತ್ರೆಯಲ್ಲಿ ಮಲಗಿಸಿದ ನೆಂಟರನ್ನು ನೋಡಿಬಂದಂತೆ.

ಡೀಲರ್ ಆಫೀಸಿನಲ್ಲಿ ಟೈಟಲ್ ನೋಡಿಕೊಳ್ಳುವಾಕೆಯ ಹೆಸರು ಡಾರ್ಲೀನ್. ಶನಿವಾರದ ಊಟ ಮುಗಿಸಿ ಅಂಕಲ್ ಆಕೆಗೆ ಫೋನ್ ಹಚ್ಚುವುದು, ನಾನು ಪಕ್ಕದಲ್ಲಿ ಕೂತು ಡೈಲಾಗ್ ಒದಗಿಸುವುದು ನಿಯಮವಾಯಿತು.

"ಸರ್, ಅದು ಇನ್ನೂ ಪ್ರಾಸೆಸಿಂಗ್‌ನಲ್ಲಿದೆ. ಯಾಕಂದ್ರೆ, ಸರ್, ನಿಮ್ಮ ವೈಫ್..." ಎಂದು ಡಾರ್ಲೀನ್ ತನ್ನ ಇಂಗ್ಲಿಷಿನಲ್ಲಿ ಶುರು ಮಾಡುತ್ತಿದ್ದಳು.

"ನನ್ನ ವೈಫ್ ವಿಷಯ ಎತ್ತಬೇಡಿ!" ಎಂದು ಅಂಕಲ್ ಅದೇ ಇಂಗ್ಲಿಷಿನಲ್ಲಿ ಗುಡುಗುತ್ತಿದ್ದರು. "ಡೀಲಿಂಗ್ ನನ್ನ ಹತ್ರ ಇಟ್ಕೊಳ್ಳಿ! ಹೆಂಗಸರನ್ನ ಇದಕ್ಕೆಲ್ಲ ಎಳೀಬೇಡಿ!"

"ಸೂಪರ್ ಅಂಕಲ್! ಈಗ ಕಟ್ ಮಾಡಿ! ಇಂಥ ಟೈಮಲ್ಲಿ ಹೀರೋ ತಿರುಗಿ ನೋಡಬಾರದು" ಎನ್ನುತ್ತಿದ್ದೆ ನಾನು. ಅಂಕಲ್ ಕಟ್ ಮಾಡುತ್ತಿದ್ದರು. ಆಂಟಿ ಎಲ್ಲ ಕೇಳಿಸಿಕೊಂಡು, ಮಜ್ಜಿಗೆ ತಂದಿಟ್ಟು ಹೋಗುತ್ತಿದ್ದರು.

ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಿಂದ ಮತ್ತೊಂದು ಫೋನ್ ಬರುತ್ತಿತ್ತು. ಅದು ಅಂಕಲ್‌ರ ಷಡ್ಡಕ, ಅಂದರೆ ಆಂಟಿಯ ತಂಗಿ ರಾಜಲಕ್ಷ್ಮಿಯ ಗಂಡ, ಚಂದ್ರಮೋಹನ ಅವರದು. ಆಸ್ಟಿನ್‌ನಲ್ಲಿ ಚಿಪ್ ಕಂಪನಿಯ ದೊಡ್ಡ ಕೆಲಸ. ಇಬ್ಬರು ಅಳಿಯಂದಿರು, ಒಬ್ಬರೇ ಅತ್ತೆ. ಉಳಿದದ್ದು ನೀವೇ ಊಹಿಸಿಕೊಳ್ಳಿ.

"ಏನ್ ರಾಮಮೂರ್ತಿಗಳೇ, ಗಾಡಿ ನಿಮ್ಮ ಹೆಸರಿಗೆ ಬಂತೋ? ಇಲ್ಲ ಇನ್ನೂ ಡೀಲರ್ ಮನೆ ಮಗಳೋ?"

"ಬರುತ್ತೆ ಬರುತ್ತೆ. ಸೆಪ್ಟೆಂಬರ್ ಶುರುವಿನ ಲೇಬರ್ ಡೇ ರಜೆಗೆ ಅತ್ತೇನ ಕೂರಿಸ್ಕೊಂಡು ಗ್ಯಾಲ್ವೆಸ್ಟನ್ ಬೀಚಿಗೆ ಹೋಗದಿದ್ರೆ ಕೇಳಿ."

"ಕೇಳೋದೇನು, ಬಂದೇ ನೋಡ್ತೀವಿ. ಹೋಗದಿದ್ರೆ?"

ಆಗ ನಾನು, ಮೈಮೇಲೆ ಆವೇಶ ಬಂದು, ಸ್ಪೀಕರ್ ಫೋನಿಗೆ ಬಾಯಿಟ್ಟು ಕೂಗಿಬಿಟ್ಟೆ: "ಹೋಗದಿದ್ರೆ ಅಂಕಲ್ ಮೀಸೆ ಬೋಳಿಸ್ತಾರೆ!"

ಅಂಕಲ್ ಮೀಸೆ ಸಾಮಾನ್ಯದ್ದಲ್ಲ. ಪಾಸ್‌ಪೋರ್ಟಿನಲ್ಲಿ ಮುಖಕ್ಕಿಂತ ಮೊದಲು ಅದೇ ಕಾಣುತ್ತದೆ. ಅವರು ನನ್ನನ್ನು ನೋಡಿದ ನೋಟಕ್ಕೆ ನನ್ನ ಕೈಯ ಹೋಳಿಗೆ ತಣ್ಣಗಾಯಿತು.

"ಆಹಾ, ಮಾತಂದ್ರೆ ಇದು!" ಎಂದು ಚಂದ್ರಮೋಹನ ಅಂಕಲ್ ಫೋನ್ ಇಟ್ಟರು. ಸಂಜೆಯೊಳಗೆ ಆಸ್ಟಿನ್‌ನ ಅರ್ಧ ಕನ್ನಡಿಗರಿಗೆ ಮೀಸೆಯ ಸುದ್ದಿ ಗೊತ್ತಾಗಿತ್ತು.

ಆಗಸ್ಟ್ ನಡುವೆ ಅಂಕಲ್ ಮತ್ತು ನಾನು ಕೌಂಟಿ ಆಫೀಸಿಗೇ ಹೋಗಿ ವಿಚಾರಿಸಿದೆವು. ಅಲ್ಲಿಯ ಗುಮಾಸ್ತ ಕಂಪ್ಯೂಟರ್ ನೋಡಿ, ಆ ಗಾಡಿಗೆ ನಿಮ್ಮ ಹೆಸರಲ್ಲಿ ಅರ್ಜಿಯೇ ಬಂದಿಲ್ಲವಲ್ಲ ಎಂದ.

ಅಂಕಲ್ ಪಾರ್ಕಿಂಗ್ ಲಾಟಿನಲ್ಲೇ ಕೂತುಬಿಟ್ಟರು. "ದುಷ್ಯಂತ, ಅರ್ಜೀನೇ ಹಾಕಿಲ್ವಂತೆ ಕಣೋ. ಮೋಸ. ಶುದ್ಧ ಮೋಸ."

"ಅಂಕಲ್, ಬರೀ ಡೀಲರ್ ಇಷ್ಟು ಧೈರ್ಯ ಮಾಡಲ್ಲ. ಹಿಂದೆ ಯಾರೋ ದೊಡ್ಡ ಕೈ ಇದೆ" ಎಂದೆ. ಇದು ಸಮಾಧಾನದ ಮಾತಲ್ಲ ಎಂದು ಈಗ ಅನ್ನಿಸುತ್ತದೆ.

ಅಂಕಲ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ, "ಆರ್‌ವಿ ಕೊಳ್ಳುವವರು ಹುಷಾರು, ನಾನು ಸಿಕ್ಕಿಬಿದ್ದಿದ್ದೇನೆ" ಎಂದು ಹಾಕಿದರು. ಅಷ್ಟೇ ಹಾಕಿದ್ದು. ಒಬ್ಬರು ಕದ್ದ ಗಾಡಿ ಇರಬೇಕು ಎಂದರು. ಮತ್ತೊಬ್ಬರು ಕದ್ದ ಗಾಡಿ ಇಟ್ಟುಕೊಂಡರೂ ತಪ್ಪೇ ಎಂದರು. ಮೂರನೆಯವರು, ಪಾಪ ಮೂರ್ತಿಗಳು ಯಾವಾಗ ಸಿಕ್ಕಿಬಿದ್ದರು ಎಂದು ಕೇಳಿದರು. ನಾಲ್ಕನೆಯವರು ಕೈಮುಗಿಯುವ ಚಿತ್ರ ಹಾಕಿದರು.

ಆ ಭಾನುವಾರ ಫ್ರಿಸ್ಕೋದ ಚಿತ್ರಾ ಆಂಟಿ ದೊಡ್ಡ ಡಬ್ಬಿಯಲ್ಲಿ ಪುಳಿಯೋಗರೆ ಹಿಡಿದು ಬಂದರು. ಬಾಗಿಲಲ್ಲೇ ಉಷಾರಾಣಿ ಆಂಟಿಯ ಕೈ ಹಿಡಿದುಕೊಂಡರು. "ಧೈರ್ಯ ತಗೋ ಉಷಾ. ನಾವೆಲ್ಲ ಇದೀವಿ. ಒಲೆ ಹಚ್ಚೋಕೆ ಹೋಗಬೇಡ."

"ಯಾಕ್ರಿ? ಸಾರು ಕುದಿಯಾಕತ್ತೈತಿ."

"ಇಂಥ ಹೊತ್ತಲ್ಲೂ ಸಾರು ಮಾಡ್ತಿದೀಯಲ್ಲ, ಎಂಥ ಗಟ್ಟಿ ಹೆಂಗಸೇ ನೀನು! ಮೂರ್ತಿಗಳನ್ನ ನೋಡೋಕೆ ಬಿಡ್ತಾರಾ? ಊಟ ಕೊಡ್ತಾರಂತಾ ಒಳಗೆ?"

ಅದೇ ಕ್ಷಣಕ್ಕೆ ಅಂಕಲ್ ಟವೆಲ್ ಸುತ್ತಿಕೊಂಡು ಬಚ್ಚಲಿನಿಂದ, "ಉಷಾ, ಶಾಂಪೂ ಎಲ್ಲೇ?" ಎನ್ನುತ್ತ ಬಂದರು.

ಚಿತ್ರಾ ಆಂಟಿ ಕಿರುಚಿದರು. "ಅಯ್ಯೋ! ಬಿಟ್ಟುಬಿಟ್ರಾ?"

"ಯಾರು?"

"ಪೊಲೀಸ್ನೋರು!"

ಆಮೇಲೆ ಬಂದ ಐದಾರು ಮನೆಯವರಿಗೂ ಅಂಕಲ್ ಸ್ವತಃ ಬಾಗಿಲು ತೆಗೆದು, ತಾವು ಇದ್ದೇವೆ ಎಂದು ತೋರಿಸಿ, ಡಬ್ಬಿ ಇಸಿದುಕೊಂಡು ಕಳಿಸಿದರು. ನನಗೆ ಮತ್ತು ಪ್ರಶಾಂತನಿಗೆ ಗುರುವಾರದವರೆಗೂ ಅಡುಗೆಯ ಚಿಂತೆ ಇರಲಿಲ್ಲ. ನ್ಯಾಯಕ್ಕಾಗಿ ಹೋರಾಡುವವರನ್ನು ಸಮಾಜ ಕೈಬಿಡುವುದಿಲ್ಲ.

ಅಂಕಲ್ ಮಾತ್ರ ಇಳಿದುಹೋಗಿದ್ದರು. ರಾತ್ರಿ ಕನ್ನಡಿಯ ಮುಂದೆ ನಿಂತು ಮೀಸೆಯನ್ನು ಬೆರಳಿನಿಂದ ಮುಚ್ಚಿ ನೋಡಿಕೊಳ್ಳುತ್ತಿದ್ದರಂತೆ. "ಮೀಸೆ ಹೋದ್ರೆ ಹೋಗ್ಲಿ ಕಣೋ. ಅತ್ತೆ ಸಮುದ್ರ ನೋಡದೇ ಹೋಗ್ತಾರಲ್ಲ, ಅದಕ್ಕೇ ಹೊಟ್ಟೆ ಉರಿಯೋದು" ಎಂದು ಒಂದು ದಿನ ನನ್ನ ಹತ್ತಿರ ಅಂದರು. ಅವತ್ತು ನಾನೂ ಡೈಲಾಗ್ ಹೊಡೆಯಲಿಲ್ಲ.

ಲೇಬರ್ ಡೇ ವಾರಾಂತ್ಯದ ಶುಕ್ರವಾರ ಬಂತು. ಕಾಗದದ ಪ್ಲೇಟಿಗೆ ಅದು ಕೊನೆಯ ದಿನ. ಬೆಳಿಗ್ಗೆ ಆಂಟಿ ಇದ್ದಕ್ಕಿದ್ದಂತೆ, "ನಡೀರಿ, ಗಾಡಿ ತಗೊಂಡು ಹ್ಯೂಸ್ಟನ್ನಿಗೇ ಹೋಗೂಣು. ಆ ಡೀಲರ್ ಬಾಗಿಲ ಮುಂದೇ ನಿಲ್ಲೂಣು. ಪ್ಲೇಟ್ ಸಿಕ್ರ ಸಮುದ್ರ, ಇಲ್ಲಾಂದ್ರ ಗಾಡಿ ಅಲ್ಲೇ ಬಿಟ್ಟು ಬರೂಣು" ಎಂದರು. ಎರಡು ತಿಂಗಳು ಗಾಡಿಯ ಕಡೆ ತಿರುಗಿಯೂ ನೋಡದ ಗಂಗವ್ವಜ್ಜಿ ಹಿಟ್ಟಿನ ಡಬ್ಬಿ, ಹಂಚು ಹಿಡಿದು ಮೊದಲು ಹತ್ತಿ ಕೂತರು. ಅತ್ತೆಗೂ ರೋಷ ಬಂದಿದೆ ಎಂದು ಅಂಕಲ್ ಕಣ್ಣು ಒದ್ದೆ ಮಾಡಿಕೊಂಡರು.

ನಾವು ಹ್ಯೂಸ್ಟನ್ ಮುಟ್ಟಿದಾಗ ಚಂದ್ರಮೋಹನ ಅಂಕಲ್ ರಾಜಲಕ್ಷ್ಮಿ ಆಂಟಿಯ ಜೊತೆ ಆಗಲೇ ಬಂದು ಡೀಲರ್ ಅಂಗಳದಲ್ಲಿ ಕಾರಿಗೆ ಒರಗಿ ನಿಂತಿದ್ದರು. ಕೈಯಲ್ಲಿ ಒಂದು ಸಣ್ಣ ಉಡುಗೊರೆ ಪೊಟ್ಟಣ.

"ಏನ್ರೀ ಅದು?" ಎಂದರು ಅಂಕಲ್.

"ಟ್ರಿಮ್ಮರ್. ಬ್ಯಾಟರಿ ಹಾಕೇ ತಂದಿದೀನಿ."

ಅಂಕಲ್ ಒಳಗೆ ಹೋಗುವಂತಿರಲಿಲ್ಲ. ಫೋನಿನಲ್ಲಿ ಕೂಗಾಡಿದ್ದಕ್ಕೆ ಮ್ಯಾನೇಜರ್, ಇನ್ನೊಮ್ಮೆ ಹೀಗಾದರೆ ಸೆಕ್ಯೂರಿಟಿ ಕರೆಯುತ್ತೇವೆ ಎಂದಿದ್ದ. ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ನಾನು ಗಾಡಿಯಲ್ಲಿ ತೂಗುಹಾಕಿದ್ದ ಅಂಕಲ್‌ರ ಇಂಟರ್‌ವ್ಯೂ ಕೋಟು ತೊಟ್ಟೆ. ತೋಳು ಬೆರಳು ಮುಚ್ಚುತ್ತಿತ್ತು, ಆದರೆ ವಕೀಲನ ಕಳೆ ಬಂತು. ಗಾಡಿಯೊಳಗಿಂದ ಅಜ್ಜಿ ರೊಟ್ಟಿ ಬಡಿಯುವ ಸದ್ದು ತಾಳ ಹಾಕುತ್ತಿತ್ತು. ಅದೇ ನನ್ನ ಬ್ಯಾಕ್‌ಗ್ರೌಂಡ್ ಮ್ಯೂಸಿಕ್. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದೆ. ನಾಲ್ಕೂ ಜನ ಹೊರಗೆ ಗಾಜಿಗೆ ಮೂಗು ಒತ್ತಿ ನಿಂತರು.

ಅವರು ಕಂಡದ್ದು ಇದು. ನಾನು ನೇರ ಡಾರ್ಲೀನ್ ಕೌಂಟರಿಗೆ ಹೋಗಿ ಕೈ ಎತ್ತಿದೆ. ಆಕೆ ಎದ್ದು ನಿಂತಳು. ನಾನು ಒಳಗಿನ ಕಡೆ ಬೆರಳು ಮಾಡಿದೆ. ಆಕೆಯೂ ಒಳಗಿನ ಕಡೆ ಬೆರಳು ಮಾಡಿದಳು. ನಾನು ಗಾಳಿಯಂತೆ ಒಳಗೆ ನುಗ್ಗಿದೆ. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೋಟಿನ ತೋಳು ಮಡಿಸಿದ್ದೆ, ಮುಖದಲ್ಲಿ ಶಾಂತಿ ಇತ್ತು. ಡಾರ್ಲೀನ್ ಎರಡೂ ಕೈಯಲ್ಲಿ ಲಕೋಟೆ ಮತ್ತು ಫಳಫಳ ಹೊಳೆಯುವ ತಗಡಿನ ಪ್ಲೇಟ್ ತಂದು ನನಗೆ ಕೊಟ್ಟಳು. ನಾನು ಅದನ್ನು ತಲೆಯ ಮೇಲೆತ್ತಿ ಹೊರಗೆ ಬಂದೆ.

"ಮ್ಯಾನೇಜರ್ ರೂಮಿಗೇ ನುಗ್ಗಿದ್ಯೇನೋ!" ಎಂದು ಅಂಕಲ್ ನನ್ನನ್ನು ಎತ್ತಿಕೊಳ್ಳಲು ಹೋಗಿ ಸೊಂಟ ಹಿಡಿದುಕೊಂಡರು. "ಏನಂದೆ? ಏನಂದೆ ಹೇಳೋ!"

ನಾನು ಕೋಟಿನ ಕಾಲರ್ ಸರಿಮಾಡಿಕೊಂಡೆ. "'ಮೇಡಂ, ಈ ಗಾಡಿಯೊಳಗೆ ಒಬ್ಬ ತಾಯಿ ಇದ್ದಾಳೆ. ಅವಳಿಗೆ ಸಮುದ್ರ ನೋಡಬೇಕು. ನೀವು ಪ್ಲೇಟ್ ಕೊಡದಿದ್ರೆ ನಾವು ಇಲ್ಲಿಂದ ಹೋಗಲ್ಲ, ಸಮುದ್ರಾನೇ ಇಲ್ಲಿಗೆ ಬರುತ್ತೆ!' ಅಂದೆ."

"ಸಮುದ್ರಾನೇ ಇಲ್ಲಿಗೆ ಬರುತ್ತೆ!" ಎಂದು ಚಂದ್ರಮೋಹನ ಅಂಕಲ್ ಪಿಸುಗುಟ್ಟಿದರು. ಟ್ರಿಮ್ಮರಿನ ಪೊಟ್ಟಣ ತಾನಾಗಿಯೇ ಜೇಬಿಗೆ ಹೋಯಿತು. "ಚಂಡಮಾರುತಕ್ಕೆ ಊರೇ ಮುಳುಗಿದ್ದು ನೋಡಿರೋ ಹ್ಯೂಸ್ಟನ್ನಿನೋರಿಗೆ ಹಾಗಂದ್ರೆ ಹೆದರ್ದೆ ಇರ್ತಾರಾ? ಭೇಷ್ ಕಣಯ್ಯ." ಷಡ್ಡಕರಿಬ್ಬರೂ ಸೇರಿ, ಮೊಣಕಾಲೂರಿ ಕೂತು, ಪ್ಲೇಟಿನ ಸ್ಕ್ರೂ ತಿರುಗಿಸಿದರು. ಒಬ್ಬರನ್ನೊಬ್ಬರು ಬೈಯದೆ ಅವರು ಜೊತೆಯಾಗಿ ಮಾಡಿದ ಮೊದಲ ಕೆಲಸ ಅದು ಎಂದು ರಾಜಲಕ್ಷ್ಮಿ ಆಂಟಿ ಫೋಟೋ ತೆಗೆದುಕೊಂಡರು. ಅಜ್ಜಿ ಕೆಳಗಿಳಿದು ಗಾಡಿಗೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕಾಯಿ ಒಡೆದರು. ಸೆಕ್ಯೂರಿಟಿಯವನು ಓಡಿ ಬಂದ. ಅವನಿಗೂ ಒಂದು ಹೋಳು ಕೊಟ್ಟರು.

ಸಂಜೆಗೆ ಗ್ಯಾಲ್ವೆಸ್ಟನ್. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ ಉಂಡು, ಗಂಗವ್ವಜ್ಜಿ ಇಬ್ಬರು ಅಳಿಯಂದಿರ ಕೈ ಹಿಡಿದು ನೀರಿಗಿಳಿದರು. ಅಲೆ ಬಂದು ಸೀರೆಯ ಅಂಚು ನೆನೆಸಿತು. ಅವರು ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು, ರುಚಿ ನೋಡಿ, ತಿರುಗಿ ನನಗೆ ಕೂಗಿದರು: "ತಮ್ಮಾ, ಇಷ್ಟ್ ನೀರಿಗೆ ಉಪ್ಪು ಸುರುವಿ ಕೆಡಿಸ್ಯಾರಲ್ಲೋ! ನಮ್ಮೂರಿಗರ ಕೊಟ್ಟಿದ್ರ!" ಅಂಕಲ್ ಮೀಸೆಯ ಮೇಲೆ ಹನಿ ಕೂತಿತ್ತು. ಅದು ಅಲೆಯದು ಎಂದು ಅವರು ಹೇಳಿದರು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ದಡದಲ್ಲಿ ಚಪ್ಪಲಿ ಕಾಯುತ್ತ ಕೂತಿದ್ದ ಉಷಾರಾಣಿ ಆಂಟಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ದುಷ್ಯಂತ, ಖರೇ ಹೇಳು. ಡಾರ್ಲೀನಗ ಏನಂದಿ?"

"ಹೇಳಿದ್ನಲ್ಲ ಆಂಟಿ, ಸಮುದ್ರ..."

"ಆ ಪ್ಲೇಟ್ ರೆಡಿ ಐತಿ ಅಂತ ಡಾರ್ಲೀನ್ ನನಗ ಮುಂಜಾನೇನ ಫೋನ್ ಮಾಡಿದ್ಲು. ಗಾಡಿ ತಗೊಂಡೇ ಬರ್ತೀವಿ, ಒಳಗ ಬಂದವ್ರ ಕೈಯಾಗ ಕೊಟ್ಟುಬಿಡು ಅಂದಿದ್ದೆ. ಗಾಡಿ ಇಬ್ಬರ ಹೆಸರಿನಾಗೈತಲ್ಲ, ನನ್ನ ಸಹಿ ಇಲ್ದ ಅರ್ಜಿ ಹೋಗಂಗಿಲ್ಲ. ಆಷಾಢದಾಗ ಸಹಿ ಹಾಕಬ್ಯಾಡ ಅಂದ್ಲು ಅವ್ವ. ಆಷಾಢ ಮುಗೀತು ಅನ್ನೂದ್ರಾಗ ಈ ವರ್ಷ ಅಧಿಕ ಮಾಸ ಬಂತು, ಅದರಾಗೂ ಬ್ಯಾಡ ಅಂದ್ಲು. ಒಂದು ತಿಂಗಳು ಹೆಚ್ಚಿಗಿ ಹೆಂಗ ಬರ್ತದ ಅಂತ ಡಾರ್ಲೀನಗ ತಿಳಿಸಿ ಹೇಳೂದ್ರಾಗ ನನಗ ಸಾಕಾತು. ನಿಜ ಶ್ರಾವಣದ ಮೊದಲ ಸೋಮವಾರ ಸಹಿ ಹಾಕಿ ಕಳಿಸಿದೆ."

"ಅಂಕಲ್‌ಗೆ ಹೇಳಬಹುದಿತ್ತಲ್ಲ ಆಂಟಿ? ಮೀಸೆ..."

"ನನ್ನ ಕೇಳಿ ತಂದಿದ್ರೇನು ಗಾಡಿ?" ಎಂದು ಆಂಟಿ ಮರಳು ಕೊಡವಿಕೊಂಡರು. "ಆಕಿ ಪಾಪ ಪ್ರತಿ ಸಲ ಹೇಳಾಕ ಹೋದ್ಲು. 'ನನ್ನ ವೈಫ್ ವಿಷಯ ಎತ್ತಬೇಡಿ' ಅಂತ ಕೂಗಿದವ್ರು ಯಾರು? ಕಟ್ ಮಾಡ್ರಿ ಅಂದವ್ರು ಯಾರು? ಈಗ ಹೇಳು, ಒಳಗ ಹೋಗಿ ಏನಂದಿ?"

ಹಾಗಾಗಿ ನಿಮಗೂ ಹೇಳಿಬಿಡುತ್ತೇನೆ. ಲಿಟಲ್ ಎಲ್ಮ್‌ನಿಂದ ಹ್ಯೂಸ್ಟನ್‌ವರೆಗೆ ಅಜ್ಜಿ ನನಗೆ ಲೋಟದ ಮೇಲೆ ಲೋಟ ಮಜ್ಜಿಗೆ ಕೊಟ್ಟಿದ್ದರು. ಗಾಡಿಯೊಳಗಿನ ಬಚ್ಚಲಲ್ಲಿ ಅಂಕಲ್ ಅಕ್ಕಿ ಮೂಟೆ ಇಟ್ಟಿದ್ದರು. ಕೌಂಟರ್ ಮುಂದೆ ನಿಂತಾಗ ಡೈಲಾಗೂ ನೆನಪಾಗಲಿಲ್ಲ, ವಕೀಲನೂ ನೆನಪಾಗಲಿಲ್ಲ. ನಾನು ಕೈ ಎತ್ತಿ ಕೇಳಿದ್ದು, "ಮೇಡಂ, ರೆಸ್ಟ್‌ರೂಮ್ ಎಲ್ಲಿ?" ಡಾರ್ಲೀನ್ ಎದ್ದು ನಿಂತು ಹೇಳಿದ್ದು, "ಒಳಗೆ ಹೋಗಿ, ಎಡಗಡೆ."